ಕೈಕೆಲಸದ ಕ್ರಿಸ್‌ಮಸ್ ಕಾರ್ಡುಗಳು: ಸ್ಟಾಂಪಿಂಗ್ ಮತ್ತು ಎಂಬಾಸಿಂಗ್

ದಪ್ಪ ಕಾಗದವನ್ನು ಮಡಿಸಿ, ಮೇಲೆ ಸ್ಟಾಂಪಿನಿಂದ ಚಿತ್ರವನ್ನೋ ಬರಹವನ್ನೋ ಒತ್ತಿ, ಅದನ್ನು ಬೆರಳಿಗೆ ತಾಗುವಂತೆ ಉಬ್ಬಿಸಿ ಮನೆಯಲ್ಲೇ ತಯಾರಿಸುವ ಹಬ್ಬದ ಶುಭಾಶಯಪತ್ರಗಳಿವು. ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಗಳಲ್ಲಿ ಇದು ದೊಡ್ಡ ಹವ್ಯಾಸ. ಬೇಕಾದ ಸ್ಟಾಂಪು, ಶಾಯಿ, ಪುಡಿ, ಯಂತ್ರಗಳನ್ನು ತಯಾರಿಸಿ ಮಾರುವುದೇ ಅಲ್ಲೊಂದು ಉದ್ಯಮವಾಗಿ ಬೆಳೆದಿದೆ. ಈ ಕೆಲಸದ ಎರಡು ಮುಖ್ಯ ವಿದ್ಯೆಗಳಲ್ಲಿ ಯಾವುದೂ ಕಲಾವಿದರ ಕೋಣೆಯಿಂದ ಬಂದದ್ದಲ್ಲ. ಸ್ಟಾಂಪು ಕಚೇರಿಯ ಮೇಜಿನಿಂದ ಬಂತು, ಉಬ್ಬಿಸುವ ಎಂಬಾಸಿಂಗ್ ಮುದ್ರಣಾಲಯದಿಂದ ಬಂತು. ಸಲಕರಣೆ ಎಲ್ಲರಿಗೂ ಒಂದೇ ಆದರೂ ಎಷ್ಟು ಒತ್ತಬೇಕು, ಎಷ್ಟು ಕಾಯಿಸಬೇಕು, ಎಷ್ಟು ಜಾಗ ಖಾಲಿ ಬಿಡಬೇಕು ಎಂಬ ತೀರ್ಮಾನ ಮಾಡುವವರದು. ಒಬ್ಬರ ಕಾರ್ಡು ಇನ್ನೊಬ್ಬರದರ ಹಾಗೆ ಕಾಣದಿರುವುದು ಇದರಿಂದಲೇ.

ಹಿನ್ನೆಲೆ

ಕ್ರಿಸ್‌ಮಸ್ ಕಾರ್ಡು ಹುಟ್ಟಿದ್ದು ಕೈಯ ಕೆಲಸ ತಪ್ಪಿಸಿಕೊಳ್ಳಲು ಎಂಬುದನ್ನು ಮೊದಲೇ ಹೇಳಬೇಕು. 1840ರಲ್ಲಿ ರೋಲಂಡ್ ಹಿಲ್‌ನ ಯೋಜನೆಯಂತೆ ಬ್ರಿಟನ್ನಿನಲ್ಲಿ ಪೆನ್ನಿ ಅಂಚೆ ಜಾರಿಗೆ ಬಂತು. ಒಂದು ಪೆನ್ನಿ ಕೊಟ್ಟರೆ ದೇಶದ ಯಾವ ಮೂಲೆಗಾದರೂ ಪತ್ರ ತಲುಪುವಂತಾಯಿತು. ಆ ಸುಧಾರಣೆಗೆ ದುಡಿದವರಲ್ಲಿ ಹೆನ್ರಿ ಕೋಲ್ ಎಂಬ ಸರ್ಕಾರಿ ಅಧಿಕಾರಿಯೂ ಒಬ್ಬ. ಮುಂದೆ ವಿಕ್ಟೋರಿಯ ಮತ್ತು ಆಲ್ಬರ್ಟ್ ಮ್ಯೂಸಿಯಂ ಎಂದು ಹೆಸರಾದ ಸಂಸ್ಥೆಯ ಮೊದಲ ನಿರ್ದೇಶಕ ಈತನೇ. ಅಂಚೆ ಅಗ್ಗವಾದಂತೆ ಹಬ್ಬದ ಹೊತ್ತಿನ ಪತ್ರಗಳು ಹೆಚ್ಚಿದವು, ಒಂದೊಂದಕ್ಕೂ ಕೂತು ಉತ್ತರ ಬರೆಯುವುದು ಬಿಡುವಿಲ್ಲದವರಿಗೆ ಹೊರೆಯಾಯಿತು. 1843ರಲ್ಲಿ ಕೋಲ್ ತನ್ನ ಸ್ನೇಹಿತ, ಚಿತ್ರಕಾರ ಜಾನ್ ಕಾಲ್ಕಾಟ್ ಹಾರ್ಸ್‌ಲಿಯಿಂದ ಒಂದು ಚಿತ್ರ ಬರೆಸಿದ. ಅದನ್ನು ಕಲ್ಲಚ್ಚಿನಲ್ಲಿ ಸುಮಾರು ಸಾವಿರ ಪ್ರತಿ ಹಾಕಿಸಿ, ಕೈಯಿಂದ ಬಣ್ಣ ತುಂಬಿಸಿ, ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಒಂದಕ್ಕೆ ಒಂದು ಶಿಲ್ಲಿಂಗಿನಂತೆ ಮಾರಾಟಕ್ಕೆ ಬಿಟ್ಟ. ಹನ್ನೆರಡು ಪತ್ರಗಳ ಅಂಚೆಗೆ ಸಾಲುವ ದುಡ್ಡು ಅದು.

ಆ ಕಾರ್ಡಿನ ನಡುವೆ ಒಂದು ಕುಟುಂಬ ಊಟದ ಮೇಜಿನ ಸುತ್ತ ಕೂತು ವೈನ್ ಬಟ್ಟಲು ಎತ್ತಿದೆ. ಎರಡು ಬದಿಗಳಲ್ಲಿ ಹಸಿದವರಿಗೆ ಅನ್ನ ಕೊಡುವ, ಬಡವರಿಗೆ ಬಟ್ಟೆ ಕೊಡುವ ದೃಶ್ಯಗಳಿವೆ. ಮಕ್ಕಳೂ ಕುಡಿಯುತ್ತಿರುವಂತೆ ತೋರಿಸಿದ್ದಕ್ಕೆ ಪಾನನಿಷೇಧದವರು ಮುನಿದರು. ಉಳಿದಿರುವ ಕೆಲವೇ ಪ್ರತಿಗಳಲ್ಲಿ ಒಂದು 2001ರಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ 22,500 ಪೌಂಡಿಗೆ ಹೋಯಿತು. ಡಬ್ಲ್ಯು. ಎಂ. ಎಗ್ಲಿ ಎಂಬಾತ ಕೆತ್ತಿದ ಇನ್ನೊಂದು ಕಾರ್ಡಿನ ಮೇಲಿನ ಇಸವಿಯ ಕೊನೆಯ ಅಂಕಿ 2 ಎಂದೂ ಓದಿಸುತ್ತದೆ, 8 ಎಂದೂ ಓದಿಸುತ್ತದೆ. ಅದು 1842ರದಾದರೆ ಮೊದಲಿಗನ ಪಟ್ಟ ಎಗ್ಲಿಗೆ ಹೋಗುತ್ತದೆ. ಕೋಲ್ ಕಾರ್ಡು ಹೊರತಂದ 1843ರಲ್ಲೇ, ಜುಲೈ 1ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದಿದ್ದ, ಅದೂ ಕಲ್ಲಚ್ಚಿನಲ್ಲೇ. ಒಂದಕ್ಕೊಂದು ಸಂಬಂಧವಿಲ್ಲ. ಆದರೂ ಕನ್ನಡದ ಮೊದಲ ಪತ್ರಿಕೆಯೂ ಕೋಲ್‌ನ ಕ್ರಿಸ್‌ಮಸ್ ಕಾರ್ಡೂ ಒಂದೇ ವರ್ಷ, ಒಂದೇ ಬಗೆಯ ಕಲ್ಲಿನ ಮೇಲಿಂದ ಎದ್ದು ಬಂದವು ಎನ್ನುವುದು ಕನ್ನಡ ಓದುಗರಿಗೆ ಗೊತ್ತಿರಲಿ.

ಉಬ್ಬಿದ ಕಾಗದ ಕಾರ್ಡಿಗಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಲಂಡನ್ನಿನ ಡಾಬ್ಸ್ ಸಂಸ್ಥೆ ಲೋಹದ ಅಚ್ಚಿನ ನಡುವೆ ಕಾಗದವನ್ನು ಒತ್ತಿ ಹೂಬಳ್ಳಿಯ ಅಂಚುಗಳನ್ನು ಎಬ್ಬಿಸುತ್ತಿತ್ತು. 1830ರ ದಶಕದಲ್ಲಿ ಅಲ್ಲಿನ ಕೆಲಸಗಾರ ಜೋಸೆಫ್ ಆಡೆನ್‌ಬ್ರೂಕ್ ಉಬ್ಬಿದ ಕಾಗದದ ನೆತ್ತಿಯನ್ನು ಅರದಿಂದ ಉಜ್ಜಿದಾಗ ಅಲ್ಲೆಲ್ಲ ಸಣ್ಣ ತೂತುಗಳಾಗಿ ಕಾಗದ ಕಸೂತಿಯ ಲೇಸಿನಂತಾಯಿತು. ಪ್ರೇಮಿಗಳ ದಿನದ ಕಾರ್ಡುಗಳಿಗೆ, ಆಮೇಲೆ ಕ್ರಿಸ್‌ಮಸ್ ಕಾರ್ಡುಗಳಿಗೆ ಈ ಲೇಸ್ ಕಾಗದ ಧಾರಾಳವಾಗಿ ಹೋಯಿತು. 1870ರಲ್ಲಿ ಬ್ರಿಟನ್ನು ಅರ್ಧ ಪೆನ್ನಿಯ ದರ ತಂದ ಮೇಲೆ ಕಾರ್ಡು ಜನಸಾಮಾನ್ಯರದಾಯಿತು. ಬೆಲ್‌ಫಾಸ್ಟಿನ ಮಾರ್ಕಸ್ ವಾರ್ಡ್ ಕಂಪನಿಗೆ ಕೇಟ್ ಗ್ರೀನ್‌ಅವೇ ಚಿತ್ರ ಬರೆದಳು. ರಾಫೆಲ್ ಟಕ್ ಸಂಸ್ಥೆ ಜಗತ್ತಿನಾದ್ಯಂತ ಮಾರಿತು. ಪ್ರಷ್ಯದಿಂದ ವಲಸೆ ಹೋಗಿ ಬಾಸ್ಟನ್ನಿನಲ್ಲಿ ನೆಲೆಸಿದ ಲೂಯಿ ಪ್ರಾಂಗ್, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬಳಸುವ ಕ್ರೋಮೊಲಿಥೋಗ್ರಫಿಯಿಂದ 1870ರ ದಶಕದಲ್ಲಿ ಅಮೆರಿಕಕ್ಕೆ ಈ ಅಭ್ಯಾಸ ಹತ್ತಿಸಿದ. ಆಮೇಲಿನ ನೂರು ವರ್ಷ ಕಾರ್ಡು ಕಾರ್ಖಾನೆಯ ಸರಕು. ಭಾರತದಲ್ಲಿಯೂ ಒಂದು ತಲೆಮಾರಿಗೆ ಕಾರ್ಡು ಎಂದರೆ ಯುನಿಸೆಫ್‌ನದು, 1979ರಲ್ಲಿ ಶುರುವಾದ ‘ಕ್ರೈ’ ಸಂಸ್ಥೆಯದು, ಅದೇ ವರ್ಷ ಹುಟ್ಟಿದ ಕಾರ್ಡು ಕಂಪನಿ ಆರ್ಚೀಸ್‌ನದು. ಮೊಬೈಲ್ ಸಂದೇಶಗಳು ಬಂದು ಈ ಮಾರುಕಟ್ಟೆಯನ್ನು ಕುಗ್ಗಿಸಿದವು.

ಕೈ ಮತ್ತೆ ಕಾರ್ಡಿಗೆ ಮರಳಿದ ದಾರಿ ಸ್ವಾರಸ್ಯದ್ದು. 1960ರ ದಶಕದಲ್ಲಿ ನ್ಯೂಯಾರ್ಕಿನ ರೇ ಜಾನ್ಸನ್‌ ಮತ್ತು ಫ್ಲಕ್ಸಸ್ ಗುಂಪಿನ ಕಲಾವಿದರು ಕಚೇರಿಯ ರಬ್ಬರ್ ಸ್ಟಾಂಪುಗಳನ್ನು ಅಣಕದ ಧಾಟಿಯಲ್ಲಿ ಪತ್ರಗಳ ಮೇಲೆ ಒತ್ತಿ ಅಂಚೆಗೆ ಹಾಕುತ್ತಿದ್ದರು. ಅಧಿಕಾರದ ಮುದ್ರೆಯನ್ನು ಆಟಿಕೆ ಮಾಡಿದ ಆ ಹುಡುಗಾಟ ಮುಂದಿನ ಎರಡು ದಶಕಗಳಲ್ಲಿ ಅಮೆರಿಕದ ಗೃಹಿಣಿಯರ ಊಟದ ಮೇಜಿನವರೆಗೆ ಬಂತು. 1988ರಲ್ಲಿ ಇಬ್ಬರು ಅಕ್ಕತಂಗಿಯರು ಆರಂಭಿಸಿದ ‘ಸ್ಟಾಂಪಿನ್ ಅಪ್’ ಮನೆಮನೆಯಲ್ಲಿ ಹೆಂಗಸರನ್ನು ಸೇರಿಸಿ ಕಲಿಸುತ್ತಾ ಮಾರುವ ಪದ್ಧತಿಯಿಂದ ಬೆಳೆಯಿತು. ಜಪಾನಿನ ತ್ಸುಕಿನೆಕೊ, ನ್ಯೂಜೆರ್ಸಿಯ ರೇಂಜರ್ ಕಂಪನಿಗಳು ಈ ಹವ್ಯಾಸಕ್ಕೆಂದೇ ಶಾಯಿ ತಯಾರಿಸತೊಡಗಿದವು.

ಸ್ಟಾಂಪು

ರಬ್ಬರ್ ಸ್ಟಾಂಪು ಸಾಧ್ಯವಾದದ್ದು ಚಾರ್ಲ್ಸ್ ಗುಡ್‌ಇಯರ್‌ನಿಂದ. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಬಿಸಿಲಿಗೆ ಅಂಟಾಗದೆ, ಚಳಿಗೆ ಬಿರುಸಾಗದೆ ಉಳಿಯುತ್ತದೆಂದು 1839ರಲ್ಲಿ ಕಂಡುಕೊಂಡ ಆತ 1844ರಲ್ಲಿ ಪೇಟೆಂಟ್ ಪಡೆದ. 1860ರ ದಶಕದ ಅಮೆರಿಕದಲ್ಲಿ ಸ್ಟಾಂಪು ಕಾಣಿಸಿಕೊಂಡಿತು. ಮೊದಲು ಮಾಡಿದವರು ಯಾರೆಂಬ ಜಗಳ ತೀರಿಲ್ಲ. ದಂತವೈದ್ಯರು ಕಟ್ಟುಹಲ್ಲಿನ ವಸಡನ್ನು ರಬ್ಬರಿನಲ್ಲಿ ಎರಕ ಹೊಯ್ಯಲು ಇಟ್ಟುಕೊಂಡಿದ್ದ ಪುಟ್ಟ ಕಾಯಿಸುಪಾತ್ರೆಗಳೇ ಆರಂಭದ ಸ್ಟಾಂಪು ಕಾರ್ಖಾನೆಗಳ ಯಂತ್ರ.

ಇಂದು ಬಳಕೆಯಲ್ಲಿರುವವು ಮುಖ್ಯವಾಗಿ ಎರಡು ಬಗೆ. ಮರದ ತುಂಡಿಗೆ ಅಂಟಿಸಿದ ಕೆಂಪು ರಬ್ಬರು ಸೂಕ್ಷ್ಮ ಗೆರೆಯನ್ನು ಚೆನ್ನಾಗಿ ಒತ್ತುತ್ತದೆ, ದಶಕಗಳ ಕಾಲ ಬಾಳುತ್ತದೆ, ಬೆಲೆ ಜಾಸ್ತಿ. ಪಾರದರ್ಶಕ ಫೋಟೊಪಾಲಿಮರ್ ಸ್ಟಾಂಪನ್ನು ಅಕ್ರಿಲಿಕ್ ತುಂಡಿಗೆ ಅಂಟಿಸಿ ಒತ್ತಿ, ಆಮೇಲೆ ಕಿತ್ತಿಡಬಹುದು. ಅದರ ಮೂಲಕ ಕೆಳಗಿನ ಕಾಗದ ಕಾಣುವುದರಿಂದ ಹೊಸಬರಿಗೆ ಜಾಗ ತಪ್ಪುವುದಿಲ್ಲ. ಇದನ್ನು ತಯಾರಿಸುವಾಗ ದ್ರವರೂಪದ ರಾಳದ ಮೇಲೆ ಚಿತ್ರದ ಫಿಲ್ಮ್ ಇಟ್ಟು ಅತಿನೇರಳೆ ಬೆಳಕು ಹಾಯಿಸಿದರೆ ಬೆಳಕು ತಾಗಿದ ಭಾಗ ಗಟ್ಟಿಯಾಗುತ್ತದೆ, ಉಳಿದದ್ದನ್ನು ತೊಳೆದುಬಿಡುತ್ತಾರೆ. ಇಂಥದನ್ನು ಬಿಸಿಲಿನಲ್ಲಿ ಇಡಬಾರದು, ಸ್ಪಿರಿಟ್ಟಿನಿಂದ ಒರೆಸಬಾರದು.

ಇಲ್ಲಿ ಕರ್ನಾಟಕದವರಿಗೊಂದು ಅನುಕೂಲವಿದೆ, ಅದನ್ನು ಬಳಸಿಕೊಂಡವರು ಕಡಿಮೆ. ತಾಲ್ಲೂಕು ಕಚೇರಿ, ಕೋರ್ಟಿನ ಆಸುಪಾಸಿನಲ್ಲಿ ಸೀಲು ಮಾಡಿಕೊಡುವ ಅಂಗಡಿ ಇಲ್ಲದ ಊರು ಇಲ್ಲವೆನ್ನಬಹುದು. ಗ್ರಾಮ ಪಂಚಾಯಿತಿಯ ಸೀಲನ್ನೂ ಸಹಕಾರ ಸಂಘದ ಸೀಲನ್ನೂ ಅವರು ಮಾಡುವುದು ಇದೇ ಪಾಲಿಮರ್ ವಿಧಾನದಲ್ಲಿ. ಮನೆಯ ಮಗು ಕಪ್ಪು ಪೆನ್ನಿನಲ್ಲಿ ಬರೆದ ನಕ್ಷತ್ರವನ್ನು ಕೊಟ್ಟರೆ ಅದನ್ನೂ ಹಾಗೆಯೇ ಸ್ಟಾಂಪು ಮಾಡಿಕೊಡುತ್ತಾರೆ. ಬೇರೆ ದೇಶದಿಂದ ತರಿಸಿದ ಹಿಮಸಾರಂಗದ ಸ್ಟಾಂಪಿಗಿಂತ ಇದು ಅಗ್ಗ, ಮತ್ತು ಬೇರೆ ಯಾರ ಬಳಿಯೂ ಇರದು. ಕೇಳುವಾಗ ಹಿಡಿಕೆಗೆ ಅಂಟಿಸಿದ ಸಾದಾ ಸ್ಟಾಂಪೇ ಬೇಕೆಂದು ಹೇಳಬೇಕು. ಒಳಗೇ ಶಾಯಿ ತುಂಬಿಕೊಂಡು ಬರುವ ನಮೂನೆಯಲ್ಲಿ ಶಾಯಿ ಬದಲಾಯಿಸಲಾಗದು, ಆದ್ದರಿಂದ ಎಂಬಾಸಿಂಗಿಗೆ ಅದು ಬಾರದು.

ಅಳಿಸುವ ರಬ್ಬರನ್ನು ಕೊರೆದು ಸ್ಟಾಂಪು ಮಾಡುವ ವಿದ್ಯೆ ಜಪಾನಿನಲ್ಲಿ ಬಹಳ ಮುಂದುವರಿದಿದೆ. ನಮ್ಮ ಶಾಲೆಗಳ ಚಿತ್ರಕಲೆಯ ತರಗತಿಯಲ್ಲಿ ಬೆಂಡೆಕಾಯಿಯನ್ನು ಅಡ್ಡ ಕತ್ತರಿಸಿ ಬಣ್ಣಕ್ಕೆ ಅದ್ದಿ ಒತ್ತುವುದೂ ಇದರ ಜಾತಿಯದೇ. ಬೆಂಡೆಯ ಅಡ್ಡಸೀಳು ಐದು ಮೂಲೆಯ ನಕ್ಷತ್ರ, ಕ್ರಿಸ್‌ಮಸ್ಸಿಗೆ ಹೇಳಿ ಮಾಡಿಸಿದ್ದು. ಅಕ್ಷರ ಕೊರೆಯುವವರು ಅದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೊರೆಯಬೇಕೆಂಬುದನ್ನು ಮರೆಯುವಂತಿಲ್ಲ.

ಒತ್ತುವ ಕ್ರಮ ಸರಳ. ಕಾಗದದ ಕೆಳಗೆ ಮೌಸ್‌ಪ್ಯಾಡಿನಂಥ ಮೆತ್ತನೆಯ ಹಾಸು ಇರಬೇಕು. ಸ್ಟಾಂಪನ್ನು ಪ್ಯಾಡಿಗೆ ಗುದ್ದುವ ಬದಲು ಪ್ಯಾಡನ್ನೇ ಸ್ಟಾಂಪಿನ ಮೇಲೆ ಮೆಲ್ಲಗೆ ತಟ್ಟಬೇಕು. ನೇರ ಇಳಿಸಿ, ಅಲುಗಿಸದೆ ಒತ್ತಿ, ನೇರ ಎತ್ತಬೇಕು. ಕಚೇರಿಯ ಗುಮಾಸ್ತರು ಮಾಡುವಂತೆ ಆಚೀಚೆ ಹೊರಳಿಸಿದರೆ ಚಿತ್ರದ ಸುತ್ತ ರಬ್ಬರಿನ ಅಂಚು ಮೂಡುತ್ತದೆ. ಈಗ ಕೀಲಿರುವ ಮುಚ್ಚಳಕ್ಕೆ ಸ್ಟಾಂಪು ಅಂಟಿಸಿ, ಕಾಗದವನ್ನು ಅಯಸ್ಕಾಂತದಿಂದ ಹಿಡಿದಿಟ್ಟು, ಒಂದೇ ಜಾಗದಲ್ಲಿ ಎರಡು ಮೂರು ಸಲ ಒತ್ತಲು ಬರುವ ಹಲಗೆಗಳು ಸಿಗುತ್ತವೆ. ಐವತ್ತು ಕಾರ್ಡು ಮಾಡುವವರಿಗೆ ಅದು ಬೇಕು, ಹತ್ತು ಮಾಡುವವರಿಗೆ ಬೇಡ.

ಶಾಯಿ

ಡೈ ಶಾಯಿ ನೀರಿನಂತೆ ತೆಳು. ಕಾಗದದೊಳಗೆ ಇಳಿದು ಬೇಗ ಒಣಗುತ್ತದೆ. ಪಿಗ್ಮೆಂಟ್ ಶಾಯಿ ದಟ್ಟ. ಮೇಲ್ಮೈಯಲ್ಲೇ ಕೂತು ಬಹಳ ಹೊತ್ತು ಹಸಿಯಾಗಿರುತ್ತದೆ. ಈ ತಡವಾಗಿ ಒಣಗುವ ದೋಷವೇ ಎಂಬಾಸಿಂಗಿಗೆ ಗುಣ, ಏಕೆಂದರೆ ಹಸಿ ಇದ್ದಷ್ಟು ಹೊತ್ತು ಪುಡಿ ಹಿಡಿಯುತ್ತದೆ. ಬಣ್ಣವಿಲ್ಲದ ಅಂಟುಶಾಯಿಯೂ ಇದೆ. ತ್ಸುಕಿನೆಕೊದ ‘ವರ್ಸಾಮಾರ್ಕ್’ ಇದರಲ್ಲಿ ಹೆಸರಾದದ್ದು; ಬಣ್ಣದ ಕಾಗದದ ಮೇಲೆ ಒತ್ತಿದರೆ ಕಾಗದದ ಬಣ್ಣವೇ ಒಂದು ಛಾಯೆ ಗಾಢವಾಗಿ ಕಾಣುತ್ತದೆ. ಚಿತ್ರದೊಳಗೆ ಜಲವರ್ಣ ತುಂಬುವವರು ಒಣಗಿದ ಮೇಲೆ ನೀರಿಗೆ ಕದಡದ ಶಾಯಿಯಿಂದ ಗೆರೆ ಒತ್ತಬೇಕು. ಆಲ್ಕೋಹಾಲ್ ಮಾರ್ಕರ್ ಬಳಸುವವರಿಗೆ ಆಲ್ಕೋಹಾಲಿಗೆ ಹರಡದ ಶಾಯಿ ಬೇಕು. ಕಚೇರಿಯ ನೇರಳೆ ಪ್ಯಾಡು ಈ ಯಾವುದಕ್ಕೂ ಒಗ್ಗದು.

ಬಿಸಿ ಎಂಬಾಸಿಂಗ್

ಹಸಿ ಶಾಯಿಯ ಮೇಲೆ ರಾಳದ ನಯವಾದ ಪುಡಿ ಚೆಲ್ಲಿ, ಹೆಚ್ಚಾದದ್ದನ್ನು ಕೊಡವಿ, ಬಿಸಿ ಗಾಳಿ ತಾಗಿಸಿ ಕರಗಿಸುವುದು ಬಿಸಿ ಎಂಬಾಸಿಂಗ್. ಕರಗಿದ ಪುಡಿ ತಣಿದಾಗ ಹೊಳೆಯುವ ಉಬ್ಬುಗೆರೆಯಾಗಿ ನಿಲ್ಲುತ್ತದೆ. ಮುದ್ರಣಾಲಯದವರು ಇದನ್ನು ಥರ್ಮೋಗ್ರಫಿ ಎನ್ನುತ್ತಾರೆ. ಅಲ್ಲಿ ಆಗಷ್ಟೇ ಮುದ್ರಣವಾದ ಹಾಳೆ ಪಟ್ಟಿಯ ಮೇಲೆ ಸಾಗುತ್ತಿರುವಾಗಲೇ ಪುಡಿ ಬೀಳುತ್ತದೆ, ಬೇಡವಾದದ್ದನ್ನು ಗಾಳಿ ಎಳೆದುಕೊಳ್ಳುತ್ತದೆ, ಹಾಳೆ ಒಲೆಯ ಮೂಲಕ ಹಾದು ಹೊರಬರುತ್ತದೆ. ತಾಮ್ರದ ತಗಡನ್ನು ಕೊರೆದು ಮಾಡುತ್ತಿದ್ದ ದುಬಾರಿ ಮುದ್ರಣವನ್ನು ಅಗ್ಗವಾಗಿ ಅನುಕರಿಸಲು ಬಂದ ವಿಧಾನವಿದು. ಕನ್ನಡಿಗರು ಇದನ್ನು ಮೊದಲು ಬೆರಳಿನಿಂದ ಸವರಿ ನೋಡಿದ್ದು ಲಗ್ನಪತ್ರಿಕೆಗಳ ಮೇಲೆ, ವಿಸಿಟಿಂಗ್ ಕಾರ್ಡುಗಳ ಮೇಲೆ. ಬೆಂಗಳೂರಿನ ಸುಲ್ತಾನ್‌ಪೇಟೆಯ ಮದುವೆ ಕಾರ್ಡಿನ ಅಂಗಡಿಗಳಲ್ಲಿ ಗಣೇಶನ ಚಿತ್ರ ಬಂಗಾರದ ಬಣ್ಣದಲ್ಲಿ ಎದ್ದು ನಿಂತಿರುವ ಮಾದರಿಗಳನ್ನು ಕಾಣಬಹುದು. ಅದು ತಗಡಿನ ಒತ್ತಿನಿಂದ ಎದ್ದದ್ದೋ ಪುಡಿಯಿಂದ ಎದ್ದದ್ದೋ ತಿಳಿಯಬೇಕಾದರೆ ಹಾಳೆಯ ಹಿಂಬದಿ ಸವರಬೇಕು. ಒತ್ತಿ ಎಬ್ಬಿಸಿದ್ದರೆ ಹಿಂದೆ ತಗ್ಗು ಇರುತ್ತದೆ, ಪುಡಿಯಾದರೆ ಹಿಂದೆ ಸಪಾಟು.

ಮನೆಯಲ್ಲಿ ಮಾಡುವಾಗ ಕೆಲಸ ಕೆಡುವುದು ಬಹುತೇಕ ಪುಡಿ ಚೆಲ್ಲುವ ಮುಂಚೆಯೇ. ಬೆರಳಿನ ಎಣ್ಣೆಯ ಜಿಡ್ಡು ತಾಗಿದ ಕಡೆಯಲ್ಲೆಲ್ಲ ಪುಡಿ ಅಂಟುತ್ತದೆ. ಡಿಸೆಂಬರಿನ ಒಣ ಹವೆಯಲ್ಲಿ ಕಾಗದಕ್ಕೆ ಸ್ಥಿರವಿದ್ಯುತ್ತು ಹತ್ತಿ ಪುಡಿಯ ಕಣಗಳು ಅಲ್ಲಲ್ಲಿ ಕೂರುತ್ತವೆ. ಕರಾವಳಿಯ ತೇವದ ಗಾಳಿಯಲ್ಲಿ ಕಾಗದವೇ ಸ್ವಲ್ಪ ಒದ್ದೆಯಾಗಿ ಅದೇ ಕೇಡು ಇನ್ನೊಂದು ದಾರಿಯಿಂದ ಬರುತ್ತದೆ. ಒತ್ತುವ ಮೊದಲು ಟಾಲ್ಕಂ ಪೌಡರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಕಾಗದದ ಮೇಲೊಮ್ಮೆ ಹಗುರವಾಗಿ ಆಡಿಸಿದರೆ ಈ ಮೂರೂ ತಪ್ಪುತ್ತವೆ. ಇದಕ್ಕೆಂದೇ ಮಾರುವ ಚೀಲಗಳೂ ಇದರಷ್ಟೇ ಕೆಲಸ ಮಾಡುತ್ತವೆ, ಬೆಲೆ ಮಾತ್ರ ಬೇರೆ. ಪುಡಿ ಚೆಲ್ಲುವಾಗ ಕೆಳಗೆ ನಡುವೆ ಮಡಿಸಿದ ಹಾಳೆ ಇಟ್ಟುಕೊಂಡರೆ ಉದುರಿದ್ದನ್ನು ಹಾಗೆಯೇ ಡಬ್ಬಿಗೆ ಸುರಿಯಬಹುದು. ಒಂದು ಡಬ್ಬಿ ವರ್ಷಗಟ್ಟಲೆ ಬರುವುದು ಹೀಗೆ. ಕರಗಿಸುವ ಮೊದಲು ಒಣ ಕುಂಚದ ತುದಿಯಿಂದ ಅಡ್ಡಾದಿಡ್ಡಿ ಕಣಗಳನ್ನು ತೆಗೆಯಬೇಕು. ಕರಗಿದ ಮೇಲೆ ಅವು ಕಾಗದದ ಭಾಗವೇ.

ಕೂದಲು ಒಣಗಿಸುವ ಡ್ರೈಯರ್ ಇಲ್ಲಿ ಉಪಯೋಗಕ್ಕಿಲ್ಲ. ಅದರ ಗಾಳಿ ಜೋರು, ಬಿಸಿ ಕಡಿಮೆ; ಪುಡಿ ಹಾರಿಹೋಗುತ್ತದೆಯೇ ಹೊರತು ಕರಗುವುದಿಲ್ಲ. ಬಡಗಿ, ಪೇಂಟರುಗಳು ಹಳೆಯ ಬಣ್ಣ ಕೀಳಲು ಬಳಸುವ ಹೀಟ್ ಗನ್ನಿನ ಗರಿಷ್ಠ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಕಾಗದ ಕರಿಯಾಗುತ್ತದೆ. ಕೈಕೆಲಸದ ಚಿಕ್ಕ ಹೀಟ್ ಗನ್ನು ಇವೆರಡರ ನಡುವಿನದು: ಗಾಳಿ ಮೆಲ್ಲಗೆ, ಬಿಸಿ ಸಾಕಷ್ಟು. ಗನ್ನನ್ನು ಮೊದಲು ಬೇರೆ ಕಡೆ ತಿರುಗಿಸಿ ಕಾಯಿಸಿಕೊಂಡು ಆಮೇಲೆ ಕಾರ್ಡಿನತ್ತ ತರಬೇಕು, ಐದಾರು ಸೆಂಟಿಮೀಟರ್ ದೂರದಲ್ಲಿ ನಿಧಾನವಾಗಿ ಆಡಿಸುತ್ತಿರಬೇಕು. ಮಂಕಾಗಿ ಮರಳುಮರಳಾಗಿದ್ದ ಗೆರೆ ಒಂದು ತುದಿಯಿಂದ ಒಮ್ಮೆಲೇ ಹೊಳಪೇರುತ್ತಾ ಹೋಗುತ್ತದೆ. ಹೊಳಪು ಮುಂದಕ್ಕೆ ಸರಿದಂತೆ ಗನ್ನೂ ಸರಿಯಬೇಕು. ಅಲ್ಲೇ ನಿಂತರೆ ರಾಳ ಕಾಗದದೊಳಕ್ಕೆ ಇಳಿದು ಎಣ್ಣೆಯ ಕಲೆಯಂತಾಗುತ್ತದೆ, ಉಬ್ಬು ಮಾಯವಾಗುತ್ತದೆ. ಕಾರ್ಡನ್ನು ಚಿಮ್ಮಟದಿಂದ ಹಿಡಿಯುವುದು ಒಳ್ಳೆಯದು. ಮಕ್ಕಳ ಕೈಗೆ ಗನ್ನು ಕೊಡಬಾರದು.

ಪುಡಿಗಳಲ್ಲಿ ನಯದ ತರಗತಿಗಳಿವೆ. ಅತಿ ನಯವಾದದ್ದು ಬರಹಕ್ಕೆ, ಸಾಧಾರಣದ್ದು ಚಿತ್ರಕ್ಕೆ, ದಪ್ಪ ಹರಳಿನದು ಇಡೀ ಮೈಗೆ ಗಾಜಿನ ಲೇಪದಂತೆ ಹಚ್ಚಲು. ಬಂಗಾರ, ಬೆಳ್ಳಿ, ಬಿಳಿ ಮೂರಿದ್ದರೆ ಕ್ರಿಸ್‌ಮಸ್ಸಿಗೆ ಸಾಕು. ಕಡುಹಸಿರು ಕಾಗದದ ಮೇಲೆ ಬಂಗಾರ ಎಂದೂ ಸೋಲದ ಜೋಡಿ. ಕಂದು ಕ್ರಾಫ್ಟ್ ಕಾಗದದ ಮೇಲೆ ಬಿಳಿ ಅದಕ್ಕಿಂತ ಸೌಮ್ಯ, ನನ್ನ ಕಣ್ಣಿಗೆ ಅದಕ್ಕಿಂತ ಚೆಂದ. ಇನ್ನೊಂದು ಸೊಗಸಾದ ಉಪಾಯವೂ ಉಂಟು. ಜಲವರ್ಣದ ಬಿಳಿ ಕಾಗದದ ಮೇಲೆ ಬಿಳಿ ಅಥವಾ ಬಣ್ಣರಹಿತ ಪುಡಿಯಿಂದ ಹಿಮಹರಳುಗಳನ್ನು ಉಬ್ಬಿಸಿ, ಮೇಲೆ ನೀಲಿ ಬಣ್ಣದ ನೀರು ಹರಿಸಬೇಕು. ಕರಗಿದ ರಾಳ ನೀರನ್ನು ಒಳಬಿಡುವುದಿಲ್ಲವಾದ್ದರಿಂದ ಸುತ್ತಲಿನ ಕಾಗದ ನೀಲಿಯಾಗಿ ಹರಳುಗಳು ಬೆಳ್ಳಗೆ ಉಳಿಯುತ್ತವೆ. ರಾತ್ರಿಯ ಆಕಾಶಕ್ಕೆ ಬೇರೆ ಏನೂ ಸೇರಿಸಬೇಕಿಲ್ಲ.

ಕನ್ನಡ ಬರಹವನ್ನು ಹೀಗೆ ಉಬ್ಬಿಸುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ರೋಮನ್ ಅಕ್ಷರಗಳಲ್ಲಿ ಕಡ್ಡಿಗಳೇ ಹೆಚ್ಚು, ಕನ್ನಡದಲ್ಲಿ ಸುಳಿಗಳು ಹೆಚ್ಚು. ದಕಾರ, ಧಕಾರ, ಥಕಾರಗಳನ್ನು ಬೇರೆ ಮಾಡುವುದು ಒಂದು ಸೀಳು, ಒಂದು ಚುಕ್ಕೆ. ಕರಗಿದ ರಾಳ ಸ್ವಲ್ಪ ಹರಡುತ್ತದೆ. ಅಕ್ಷರ ಚಿಕ್ಕದಿದ್ದರೆ ಸುಳಿ ಮುಚ್ಚುತ್ತದೆ, ಸೀಳು ತುಂಬುತ್ತದೆ. ಭಕಾರದ ಕೆಳಗಿನ ಸೀಳು ತುಂಬಿಹೋದರೆ ಶುಭಾಶಯ ‘ಶುಬಾಶಯ’ವಾಗಿ ಹೊರಬೀಳುತ್ತದೆ. ಕನ್ನಡ ಸ್ಟಾಂಪು ಮಾಡಿಸುವಾಗ ಗೆರೆ ತೆಳುವಾಗಿರುವ, ಸುಳಿ ಅಗಲವಾಗಿರುವ ಅಕ್ಷರರೂಪ ಆರಿಸಬೇಕು, ಮೂಲ ಅಕ್ಷರದ ಎತ್ತರ ಒಂದು ಸೆಂಟಿಮೀಟರಿಗೆ ಕಡಿಮೆ ಇರದಿದ್ದರೆ ಒಳಿತು, ಅತಿ ನಯವಾದ ಪುಡಿಯನ್ನೇ ಬಳಸಬೇಕು. ಹೊರಗಿನಿಂದ ಬರುವ ಸ್ಟಾಂಪುಗಳು ಬಹುಪಾಲು ಇಂಗ್ಲಿಷಿನವು. ಕನ್ನಡದ್ದು ಬೇಕಾದವರು ಮಾಡಿಸಿಕೊಳ್ಳಬೇಕು.

ಒಣ ಎಂಬಾಸಿಂಗ್

ಇದರಲ್ಲಿ ಶಾಯಿ ಇಲ್ಲ, ಬಿಸಿ ಇಲ್ಲ. ಕಾಗದದ ನಾರುಗಳನ್ನೇ ಎಳೆದು, ಅವು ಹಿಂದಕ್ಕೆ ಬಾರದಷ್ಟು ಬಾಗಿಸಿ, ಆಕಾರ ಎಬ್ಬಿಸುವುದು. ಹಳೆಯ ಕ್ರಮದಲ್ಲಿ ಹಿತ್ತಾಳೆಯ ಕೊರೆಯಚ್ಚನ್ನು ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಲಿಟ್ಟು, ಅದರ ಮೇಲೆ ಕಾಗದವನ್ನು ಕವುಚಿ ಹಾಕಿ, ಕಾಣುವ ಅಂಚಿನುದ್ದಕ್ಕೂ ಗುಂಡುತುದಿಯ ಕಡ್ಡಿಯಿಂದ ತೀಡುತ್ತಾರೆ. ಹಗಲು ಹೊತ್ತಿನ ಕಿಟಕಿಯ ಗಾಜು, ಶಾಯಿ ತೀರಿದ ಬಾಲ್‌ಪೆನ್ನು ಇದ್ದರೂ ನಡೆಯುತ್ತದೆ. ಕಾಗದದ ಹಿಂಬದಿಗೆ ಮೇಣದ ಬತ್ತಿ ಸವರಿಕೊಂಡರೆ ಕಡ್ಡಿ ಜಾರುತ್ತದೆ. ಈಚಿನ ಕ್ರಮದಲ್ಲಿ ಒಂದು ಮುಖ ಉಬ್ಬು, ಇನ್ನೊಂದು ಮುಖ ತಗ್ಗು ಇರುವ ಪ್ಲಾಸ್ಟಿಕ್ ಫೋಲ್ಡರಿನೊಳಗೆ ಕಾಗದ ಇಟ್ಟು, ಎರಡು ಉರುಳೆಗಳ ನಡುವೆ ಕೈಯಿಂದ ತಿರುಗಿಸಿ ಹಾಯಿಸುತ್ತಾರೆ. ಸಿಜಿಕ್ಸ್ ಕಂಪನಿಯ ‘ಬಿಗ್ ಶಾಟ್’ ಯಂತ್ರ ಈ ಬಗೆಯಲ್ಲಿ ಪ್ರಸಿದ್ಧ. ಹಾಯಿಸುವ ಮುನ್ನ ಕಾಗದಕ್ಕೆ ಮಂಜಿನಷ್ಟು ನೀರು ಸಿಂಪಡಿಸಿದರೆ ನಾರು ಸಡಿಲಗೊಂಡು ಬಿರಿಯದೆ ಎಳೆಯುತ್ತದೆ. ಹತ್ತಿಯ ಚಿಂದಿಯಿಂದ ಮಾಡಿದ ಕೈಕಾಗದದ ನಾರು ಉದ್ದ, ಹಾಗಾಗಿ ಆಳವಾದ ಉಬ್ಬನ್ನೂ ತಾಳುತ್ತದೆ. ಪುದುಚೇರಿಯ ಅರವಿಂದಾಶ್ರಮದ ಕಾಗದ, ಜೈಪುರದ ಹತ್ತಿರದ ಸಾಂಗಾನೇರಿನ ಕಾಗದ ಈ ಕೆಲಸಕ್ಕೆ ಹೆಸರಾದವು.

ಬಣ್ಣವಿಲ್ಲದ ಉಬ್ಬಿನ ಚೆಲುವು ನೆರಳಿನಲ್ಲಿದೆ, ಮಿತಿಯೂ ಅಲ್ಲೇ ಇದೆ. 1852ರಲ್ಲಿ ಬ್ರಿಟಿಷ್ ಅಧಿಕಾರಿ ಬಾರ್ಟಲ್ ಫ್ರೇರ್ ಸಿಂಧ್ ಪ್ರಾಂತ್ಯದಲ್ಲಿ ತಂದ ‘ಸಿಂಧ್ ಡಾಕ್’ ಏಷ್ಯದ ಮೊದಲ ಅಂಚೆಚೀಟಿ, ಅದು ಉಬ್ಬಚ್ಚಿನದು. ಬಿಳಿ ಕಾಗದದ ಮೇಲೆ ಬಿಳಿಯಾಗಿ ಎದ್ದ ಅದು ಮಂದ ಬೆಳಕಿನಲ್ಲಿ ಕಾಣುತ್ತಿರಲಿಲ್ಲ. ಅರಗಿನಂಥ ಕೆಂಪು ಬಿಲ್ಲೆಯ ಮೇಲೆ ಒತ್ತಿದ್ದು ಬಿರಿದು ಪುಡಿಯಾಗುತ್ತಿತ್ತು. ನೂರೆಪ್ಪತ್ತು ವರ್ಷಗಳ ಹಿಂದಿನ ಆ ತೊಡಕು ಕಾರ್ಡು ಮಾಡುವವರಿಗೆ ಇಂದೂ ಎದುರಾಗುತ್ತದೆ. ಉಬ್ಬಿದ ನೆತ್ತಿಗಳಿಗೆ ಮಾತ್ರ ಶಾಯಿಯ ಪ್ಯಾಡನ್ನು ಅಡ್ಡಲಾಗಿ ಸವರುವುದು ಇದಕ್ಕೆ ಸುಲಭದ ಪರಿಹಾರ. ಹಾಗೆ ಮಾಡದೆ ಬಿಟ್ಟ ಬಿಳಿಯ ಮೇಲಿನ ಬಿಳಿ ಕಾರ್ಡು ಕಿಟಕಿಯ ಪಕ್ಕದಲ್ಲಿಟ್ಟರೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ ಎಂಬುದೂ ನಿಜ.

ಕಾಗದ ಮತ್ತು ಮಡಿಕೆ

ಕಾರ್ಡಿನ ಮೈಗೆ ಚದರ ಮೀಟರಿಗೆ 250ರಿಂದ 300 ಗ್ರಾಂ ತೂಗುವ, ಎಂದರೆ 250ರಿಂದ 300 ಜಿಎಸ್‌ಎಂ ಕಾಗದ ಬೇಕು. ಎ4 ಹಾಳೆಯನ್ನು ಎರಡಾಗಿ ಕತ್ತರಿಸಿ ಪ್ರತಿ ಅರ್ಧವನ್ನೂ ಮಡಿಸಿದರೆ 105 ಮತ್ತು 148 ಮಿಲಿಮೀಟರಿನ ಎ6 ಕಾರ್ಡು ಎರಡು ಸಿಗುತ್ತವೆ. ಇದು 114 ಮತ್ತು 162 ಮಿಲಿಮೀಟರಿನ ಸಿ6 ಲಕೋಟೆಗೆ ಸರಿಹೊಂದುತ್ತದೆ. ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ. ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ ನೋಡಿದರೆ ಯಾವ ಕಡೆ ಸಲೀಸಾಗಿ ಬಾಗುವುದೋ ಆ ದಿಕ್ಕಿಗೆ ಮಡಿಸಬೇಕು. ಅಡ್ಡಲಾಗಿ ಮಡಿಸಿದರೆ ಮಡಿಕೆ ಬಿರಿಯುತ್ತದೆ. ಮಡಿಸುವ ಮುನ್ನ ಸ್ಕೇಲಿನ ಅಂಚಿಗೆ ಮೊಂಡು ತುದಿಯಿಂದ ಗೀರಬೇಕು, ಮುದ್ರಣಾಲಯದವರು ಕ್ರೀಸಿಂಗ್ ಎನ್ನುವುದು ಇದನ್ನೇ. ಗೀರಿದ್ದರಿಂದ ಎದ್ದ ಉಬ್ಬು ಮಡಿಕೆಯ ಒಳಗಡೆ ಬರಬೇಕು, ಹೊರಗಡೆ ಅಲ್ಲ.

ಅಚ್ಚು ಮತ್ತು ಉಬ್ಬಿನ ಕೆಲಸವನ್ನು ಕಾರ್ಡಿನ ಮೇಲೆ ನೇರವಾಗಿ ಮಾಡದೆ ಬೇರೆ ತುಂಡಿನ ಮೇಲೆ ಮಾಡಿ ಅಂಟಿಸುವುದು ರೂಢಿ. ಕೆಟ್ಟರೆ ತುಂಡು ಹೋಗುತ್ತದೆ, ಕಾರ್ಡು ಉಳಿಯುತ್ತದೆ. ನೀರಿನ ಗೋಂದು ಕಾಗದವನ್ನು ಸುರುಳಿಯಾಗಿಸುವುದರಿಂದ ಎರಡು ಬದಿಯ ಟೇಪು ವಾಸಿ.

ಚಿತ್ರಗಳು

ವಿಕ್ಟೋರಿಯ ಕಾಲದ ಕಾರ್ಡುಗಳಲ್ಲಿ ರಾಬಿನ್ ಹಕ್ಕಿ ಎಲ್ಲೆಲ್ಲೂ ಕಾಣುತ್ತದೆ. ಆಗಿನ ಅಂಚೆಯವರ ಅಂಗಿ ಕೆಂಪು, ಜನ ಅವರನ್ನು ರಾಬಿನ್ ಎಂದೇ ಕರೆಯುತ್ತಿದ್ದರು. ಕಾಗದ ತರುವವನ ಚಿತ್ರವೇ ಕಾಗದದ ಮೇಲೆ ಕೂತಿತು. ಹಾಲಿ ಎಲೆ, ಹಿಮ, ಸಾರಂಗಗಳೂ ಉತ್ತರ ಯೂರೋಪಿನ ಚಳಿಗಾಲದವು. ಸ್ಟಾಂಪು ಕಂಪನಿಗಳು ಇವುಗಳನ್ನೇ ಮಾರುವುದರಿಂದ ಬೆಂಗಳೂರಿನ ಕಾರ್ಡಿನ ಮೇಲೂ ಹಿಮ ಬೀಳುತ್ತದೆ. ಆದರೆ ಪಾಯಿನ್‌ಸೆಟ್ಟಿಯ ಇಲ್ಲಿಗೂ ಸಲ್ಲುತ್ತದೆ. ಮೆಕ್ಸಿಕೊದ ಈ ಗಿಡವನ್ನು 1820ರ ದಶಕದಲ್ಲಿ ಅಮೆರಿಕದ ರಾಯಭಾರಿ ಜೋಯೆಲ್ ಪಾಯಿನ್‌ಸೆಟ್ ತನ್ನ ದೇಶಕ್ಕೆ ಒಯ್ದ. ಹಗಲು ಕಿರಿದಾದಾಗ ಅದರ ಮೇಲಿನ ಎಲೆಗಳು ಕೆಂಪಾಗುತ್ತವೆ, ಬೆಂಗಳೂರಿನ ಮನೆಯಂಗಳಗಳಲ್ಲೂ ಡಿಸೆಂಬರಿಗೇ ಕೆಂಪೇರುತ್ತದೆ. ಕರಾವಳಿಯ ಕ್ರೈಸ್ತರ ಮನೆ ಮುಂದಿನ ನಕ್ಷತ್ರದ ಗೂಡುದೀಪ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ, ಹಬ್ಬದ ತಿಂಡಿಗಳಾದ ಕುಸ್ವಾರಿನ ತಟ್ಟೆ, ಹಬ್ಬದ ಮರವಾಗಿ ನಿಲ್ಲುವ ಸರ್ವೆಯ ಕೊಂಬೆ ಇವೆಲ್ಲ ಸ್ಟಾಂಪಿಗೆ ಚೆನ್ನಾಗಿ ಇಳಿಯುವ ಆಕಾರಗಳು. ಸರ್ವೆಯ ಎಲೆಯಂತೂ ಬರಿಯ ಗೆರೆ, ಬಿಳಿ ಪುಡಿಗೆ ಅದಕ್ಕಿಂತ ಒಗ್ಗುವ ಆಕಾರ ಇನ್ನೊಂದಿಲ್ಲ. ಹೊಸಬರು ಸಾಮಾನ್ಯವಾಗಿ ಕೊಂಡದ್ದನ್ನೆಲ್ಲ ಒಂದೇ ಕಾರ್ಡಿಗೆ ಹಾಕುತ್ತಾರೆ: ಉಬ್ಬಿದ ಹಿನ್ನೆಲೆ, ಬಂಗಾರದ ಗಂಟೆ, ರಿಬ್ಬನ್ನು, ಮಿಂಚುಪುಡಿ. ಒಂದು ಉಬ್ಬು, ಒಂದು ಬಣ್ಣ, ಅರ್ಧಕ್ಕಿಂತ ಹೆಚ್ಚು ಖಾಲಿ ಜಾಗ ಇರುವ ಕಾರ್ಡು ಬಹುತೇಕ ಗೆಲ್ಲುತ್ತದೆ.

ಮಿಂಚುಪುಡಿಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಅದು ಸೂಕ್ಷ್ಮ ಪ್ಲಾಸ್ಟಿಕ್. ಬ್ರಿಟನ್ನಿನ ಕೆಲವು ದೊಡ್ಡ ಅಂಗಡಿಗಳು 2020ರ ಹೊತ್ತಿಗೆ ಮಿಂಚಿನ ಕಾರ್ಡು ಮಾರುವುದನ್ನೇ ಬಿಟ್ಟವು, ಐರೋಪ್ಯ ಒಕ್ಕೂಟ 2023ರಲ್ಲಿ ಸಡಿಲ ಪ್ಲಾಸ್ಟಿಕ್ ಮಿಂಚಿನ ಮೇಲೆ ನಿರ್ಬಂಧ ತಂದಿತು. ಎಂಬಾಸಿಂಗ್ ಪುಡಿ ಉದುರದಿದ್ದರೂ ಮರುಬಳಕೆಯ ಕಾಗದಕ್ಕೆ ಅದೂ ಕಲಬೆರಕೆಯೇ. ಈ ದೃಷ್ಟಿಯಿಂದ ಒಣ ಎಂಬಾಸಿಂಗಿನ ಕಾರ್ಡು ನಿರ್ದೋಷಿ.

ಅಂಚೆ

ಭಾರತದ ಅಂಚೆಯಲ್ಲಿ ಸಾಮಾನ್ಯ ಪತ್ರದ ಮೊದಲ ದರ 20 ಗ್ರಾಂವರೆಗೆ. 250 ಜಿಎಸ್‌ಎಂನ ಎ6 ಕಾರ್ಡು ಸುಮಾರು 8 ಗ್ರಾಂ, ಲಕೋಟೆ ಸುಮಾರು 4 ಗ್ರಾಂ, ಮುಖಕ್ಕೆ ಅಂಟಿಸುವ ಅದೇ ದಪ್ಪದ ತುಂಡು ಇನ್ನೊಂದು 4 ಗ್ರಾಂ. ಎರಡನೆಯ ಪದರ ಹಾಕಿದರೆ ಮಿತಿ ಮುಟ್ಟಿತು. ಬ್ರಿಟನ್ನಿನಲ್ಲಿ ಲಕೋಟೆ 5 ಮಿಲಿಮೀಟರಿಗಿಂತ ದಪ್ಪವಾದರೆ ‘ದೊಡ್ಡ ಪತ್ರ’ದ ದರ ಬೀಳುತ್ತದೆ, ಆದ್ದರಿಂದ ಅಲ್ಲಿನವರು ಗುಂಡಿ, ರಿಬ್ಬನ್ನು ಅಂಟಿಸುವಾಗ ಅಳೆಯುತ್ತಾರೆ. ಅಮೆರಿಕದಲ್ಲಿ ಚೌಕಾಕಾರದ ಲಕೋಟೆಗೂ ಬಾಗದಷ್ಟು ಬಿರುಸಾದ ಲಕೋಟೆಗೂ ಯಂತ್ರಕ್ಕೆ ಒಗ್ಗದ ಪತ್ರವೆಂದು ಹೆಚ್ಚಿನ ಶುಲ್ಕ ತೆರಬೇಕು. ಉಬ್ಬಿದ ಮುಖದ ಮೇಲೆ ಒಂದು ತೆಳು ಹಾಳೆ ಇಟ್ಟು ಲಕೋಟೆಗೆ ಹಾಕಿದರೆ ದಾರಿಯಲ್ಲಿ ಉಜ್ಜಿಹೋಗುವುದಿಲ್ಲ. ಹೊರದೇಶದಲ್ಲಿರುವ ಮಕ್ಕಳು ಮೊಮ್ಮಕ್ಕಳಿಗೆ ಸಾಮಾನ್ಯ ಅಂಚೆಯಲ್ಲಿ ಕಳುಹಿಸುವವರು ನವೆಂಬರ್ ಮಧ್ಯದೊಳಗೆ ಅಂಚೆ ಡಬ್ಬಿಗೆ ಹಾಕಬೇಕು. ಹಾಗಾಗಿ ಸ್ಟಾಂಪು, ಪುಡಿ, ಕಾಗದಗಳನ್ನು ದಸರೆ ಮುಗಿಯುವುದರೊಳಗೆ ಕೂಡಿಸಿಟ್ಟುಕೊಳ್ಳುವುದು ಒಳ್ಳೆಯದು.